ಪದ ಬೇಕು: ಹಾಡುಗಳನ್ನು 'ಬ್ರೌಸ್' ಮಾಡುವುದಕ್ಕೆ ಏನೆನ್ನೋಣ?

[ದಾವಣಗೆರೆಯಿಂದ]
ಕನ್ನಡ ಪದಗಳ ಈ ಮಿಂಚಂಚೆ ಪಟ್ಟಿಯ ಎಲ್ಲರಿಗೂ ನಮಸ್ಕಾರ. ಪಿ.ಜೆ. ಬಡಾವಣೆಯ ನಮ್ಮ ಓದುಕೋಣೆಯಲ್ಲಿ ಎರಡು ಕಂಪ್ಯೂಟರ್, ನಾಲ್ಕು ಹೆಡ್‌ಫೋನ್ ಇಟ್ಟು ಹಾಡು ಕೇಳುವ ಮೂಲೆ ಮಾಡಿದ್ದೇವೆ. ಯಾರು ಬೇಕಾದರೂ ಬಂದು ಯೂಟ್ಯೂಬಿನಲ್ಲಿ ಒಂದರಿಂದ ಇನ್ನೊಂದಕ್ಕೆ ಹೋಗುತ್ತಾ ಕೇಳಬಹುದು. ನಿನ್ನೆ ಒಬ್ಬ ಹುಡುಗ ಮಲ್ಲಿಕಾರ್ಜುನ ಮನ್ಸೂರರಿಂದ ಶುರು ಮಾಡಿದ, ಬಾಬ್ ಮಾರ್ಲಿಗೆ ಹೋದ, ಕೊನೆಗೆ ಎಲ್ಲಮ್ಮನ ಚೌಡಿಕೆ ಪದದ ಹತ್ತಿರ ಬಂದು ನಿಂತ. ಇದೆಲ್ಲ ತನಗೆ ಇಷ್ಟವಾಗುತ್ತೆ ಅಂತ ಅವನಿಗೇ ಗೊತ್ತಿರಲಿಲ್ಲ.

ಬೋರ್ಡಿಗೆ ಎರಡು ಪದ ಬೇಕು. ಹೀಗೆ ಸುಮ್ನೆ ಅಲ್ಲಿ ಇಲ್ಲಿ ಕೇಳುತ್ತಾ ಹೋಗುವುದಕ್ಕೆ ಒಂದು. ಎಲ್ಲ ಬಗೆಯದೂ ಕೂಡಿದ ರುಚಿಗೆ ಇನ್ನೊಂದು. 'ಅನ್ವೇಷಣೆ', 'ವೈವಿಧ್ಯಮಯ ಅಭಿರುಚಿ' ದಯವಿಟ್ಟು ಬೇಡ. ಸಂಜೆ 6ಕ್ಕೆ ಫ್ಲೆಕ್ಸ್ ಅಂಗಡಿಗೆ ಕೊಡಬೇಕು.

[ಹರಿಹರದಿಂದ]
'ಜಾಲಾಡು' ಇದೆಯಲ್ಲ. ಹೊಸದು ಯಾಕೆ?

[ಚಿತ್ರದುರ್ಗದಿಂದ]
ಜಾಲಾಡು ಆಗಲ್ಲ. ಅದು ಸಂದಿಗೊಂದಿ ಬಿಡದೆ ಹುಡುಕುವುದು. ಆ ಹುಡುಗ ಏನನ್ನೂ ಕಳೆದುಕೊಂಡಿರಲಿಲ್ಲ.

'ಬ್ರೌಸ್' ಅನ್ನುವ ಮಾತಿನ ಹಳೆಯ ಅರ್ಥವೇ ಚಿಗುರು ಮೇಯುವುದು. ಕುರಿ ತಲೆ ತಗ್ಗಿಸಿ ಹುಲ್ಲು ಮೇಯುತ್ತೆ. ಆಡು ಹಾಗಲ್ಲ, ಮುಂಗಾಲು ಎತ್ತಿ ಈ ಗಿಡದಲ್ಲಿ ಒಂದು ಬಾಯಿ, ಆ ಗಿಡದಲ್ಲಿ ಒಂದು ಬಾಯಿ. ಇಂಗ್ಲಿಷರ 'ಬ್ರೌಸ್' ಈ ಆಡಿನ ಮೇವು. ಚಳ್ಳಕೆರೆ ಕಡೆ ಹಿಂಡಿನ ಹಿಂದೆ ಒಂದು ದಿನ ನಡೆದವರಿಗೆ ಇದನ್ನು ಹೇಳಬೇಕಿಲ್ಲ. ಆಡು ಮುಟ್ಟದ ಸೊಪ್ಪಿಲ್ಲ ಅನ್ನುವ ಗಾದೆಯಲ್ಲಿ ನಿಮ್ಮ ಎರಡನೇ ಪದದ ಅರ್ಥವೂ ಸಿಕ್ಕಿತು. 'ಹಾಡು ಮೇಯಿರಿ' ಅಂತ ಬರೆಸಿ.

[ಹರಿಹರದಿಂದ]
ಮೇಯುವುದು ಬೈಗುಳ. 'ದುಡ್ಡು ಮೇಯ್ದ' ಅಂತೀವಿ. ಬೋರ್ಡಿಗೆ ಬೇಡವೇ ಬೇಡ.

[ಹಿರಿಯೂರಿನಿಂದ]
ಕಣ್ಣಾಡಿಸು ಇದೆ, ಕೈಯಾಡಿಸು ಇದೆ, ಬಾಯಾಡಿಸು ಇದೆ. ಹೊಟ್ಟೆ ತುಂಬ ಉಣ್ಣುವುದಲ್ಲ, ಎರಡು ಹಿಡಿ ಮಂಡಕ್ಕಿ ಬಾಯಿಗೆ ಹಾಕಿಕೊಳ್ಳುವುದು ಬಾಯಾಡಿಸುವುದು. ಹಾಗೇ 'ಕಿವಿಯಾಡಿಸು'. ಎರಡನೆಯದಕ್ಕೆ 'ಬೆರಕೆ ರುಚಿ'. ಮಳೆ ಬಿದ್ದ ಮೇಲೆ ನಮ್ಮಜ್ಜಿ ಹೊಲದಲ್ಲಿ ಹತ್ತು ಬಗೆ ಸೊಪ್ಪು ಕಿತ್ತು ತರುತ್ತಿದ್ದರು. ಅದು ಬೆರಕೆ ಸೊಪ್ಪು. ಸಿಕ್ಕಿದ್ದೆಲ್ಲ ಕೀಳುತ್ತಿರಲಿಲ್ಲ, ನೋಡಿ ನೋಡಿ ಆರಿಸುತ್ತಿದ್ದರು. ಆರಿಸುವುದೂ ಬೆರೆಸುವುದೂ ಎರಡೂ ಆ ಮಾತಿನಲ್ಲಿದೆ.

[ಹರಿಹರದಿಂದ]
ಬೆರಕೆ ಅಂದರೆ ಜನರಿಗೆ ಕಲಬೆರಕೆ ನೆನಪಾಗುತ್ತೆ. ಅಲ್ಲದೆ 'ರುಚಿ' ಸಂಸ್ಕೃತದ್ದು. 'ಸವಿ' ಅನ್ನಿ. ಕನ್ನಡದ ಪಟ್ಟಿ ಅಂದಮೇಲೆ ಕನ್ನಡದ ಪದ ಹುಡುಕಬೇಕು, ಅಲ್ವಾ? ಬೇರೆ ಭಾಷೆಯಿಂದ ತಂದ ಸಾಲ ಜಾಸ್ತಿ ಆಯಿತು.

[ಚಿತ್ರದುರ್ಗದಿಂದ]
ಹಾಗಾದರೆ 'ಪದ'ವನ್ನೂ ಬಿಡಿ, ಅದೂ ಸಂಸ್ಕೃತ. ಚಳ್ಳಕೆರೆ ತಾಲೂಕಿನ ಸಿರಿಯಜ್ಜಿ ಸಾವಿರಾರು ಪದ ಹಾಡಿದವರು. ನಮ್ಮ ಹಟ್ಟಿಗಳಲ್ಲಿ ಹಾಡಿಗೆ ಪದ ಅಂತಲೇ ಹೆಸರು. ಅದು ಯಾರ ಸಾಲ ಅಂತ ಹಾಡುವವರು ಲೆಕ್ಕ ಇಡಲಿಲ್ಲ.

ಹಾರ್ಮೋನಿಯಂ ಕೂಡ ಸಾಲವೇ, ಬಂದದ್ದು ಯುರೋಪಿನಿಂದ. ನಮ್ಮ ರಾಗಕ್ಕೆ ಒಗ್ಗುವುದಿಲ್ಲ ಎಂದು 1940ರಲ್ಲಿ ಆಕಾಶವಾಣಿ ಅದನ್ನು ಹೊರಗಿಟ್ಟಿತು. ಮತ್ತೆ ಒಳಗೆ ಬಿಡಲು 1971ರವರೆಗೆ ಬೇಕಾಯಿತು. ಆ ಮೂವತ್ತು ವರ್ಷ ಕಂಪನಿ ನಾಟಕಗಳಲ್ಲಿ ಹಾರ್ಮೋನಿಯಂ ನಿಂತಿತೇ? ನಿಮ್ಮ ದಾವಣಗೆರೆಯ ಚಿಂದೋಡಿ ಲೀಲಾ ಅವರ ಕಂಪನಿಯ ಹೆಸರಲ್ಲೇ 'ಡ್ರಾಮಾ ಕಂಪನಿ' ಇದೆ. ಅದಕ್ಕಿಂತ ಕನ್ನಡದ್ದು ಯಾವುದಿತ್ತು ಹೇಳಿ.

[ಹರಿಹರದಿಂದ]
ಬೆರಕೆಗೆ ನನ್ನ ಒಪ್ಪಿಗೆ ಇಲ್ಲ. ಸವಿಯನ್ನೂ ಬಿಡಲ್ಲ.

[ದಾವಣಗೆರೆಯಿಂದ]
ಐದೂವರೆ ಆಯಿತು. 'ಕಿವಿಯಾಡಿಸಿ' ಎಂದು ದೊಡ್ಡದಾಗಿ ಬರೆಸುತ್ತೇನೆ. ಕೆಳಗೆ 'ಎಲ್ಲ ಸೊಪ್ಪಿನ ಸವಿ'. ಅಂಗಡಿಯವರು 'ಕಿವಿ ಆಡಿಸಿ' ಅಂತ ಬಿಡಿಸಿ ಹಾಕಲಾ ಅಂತ ಕೇಳುತ್ತಿದ್ದಾರೆ.

[ಹಿರಿಯೂರಿನಿಂದ]
ಬೇಡ. ಬಿಡಿಸಿದರೆ ದನ ನೊಣ ಓಡಿಸಿದ ಹಾಗಾಗುತ್ತೆ. ಕೂಡಿಸಿಯೇ ಬರೆಸಿ.