‘ಅವಕಾಶವಾದಿ ಸೋಂಕು’ ಬೇಡವಾದರೆ ಮತ್ತೇನು? ‘ರಕ್ತನಂಜು’ ಯಾವುದಕ್ಕೆ?

ಬಳಗದವರಿಗೆ ನಮಸ್ಕಾರ.

ಐಸಿಯುನಲ್ಲಿರುವವರ ಮನೆಮಂದಿಗೆ ಕೊಡುವ ತಿಳಿವಳಿಕೆ ಹಾಳೆಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಫ್ಲೂ, ಕೋವಿಡ್‌ನಂಥ ವೈರಸ್‌ನಿಂದ ನ್ಯುಮೋನಿಯಾ ಆಗಿ ವೆಂಟಿಲೇಟರ್ ಮೇಲಿರುವವರ ರಕ್ತಕ್ಕೆ ಆಮೇಲೆ ಬ್ಯಾಕ್ಟೀರಿಯಾ ಸೇರುವುದರ ಬಗ್ಗೆ. ಎರಡು ಪದಗಳ ಹತ್ತಿರ ನಿಂತುಬಿಟ್ಟಿದ್ದೇನೆ.

ಒಂದು, ‘ಆಪರ್ಚುನಿಸ್ಟಿಕ್’. ‘ಅವಕಾಶವಾದಿ ಸೋಂಕು’ ಅಂತ ಬರೆಯುವವರುಂಟು. ನನಗಂತೂ ಅದನ್ನೋದಿದರೆ ಪಕ್ಷ ಬದಲಿಸಿದ ಶಾಸಕರೇ ಕಣ್ಮುಂದೆ ಬರುತ್ತಾರೆ. ‘ಸಮಯಸಾಧಕ’ಕ್ಕೂ ಅದೇ ಬೈಗುಳದ ವಾಸನೆ. ಇಲ್ಲಿ ಆಗುವುದು ಇಷ್ಟು: ಚರ್ಮದ ಮೇಲೋ ಕರುಳಲ್ಲೋ ತಂಟೆ ಮಾಡದೆ ಇದ್ದ ಜೀವಿಗಳು, ಸ್ಟೀರಾಯ್ಡ್‌ನಿಂದ ಮೈಯ ಕಾವಲು ತಗ್ಗಿದಾಗ, ಕುತ್ತಿಗೆಯ ರಕ್ತನಾಳಕ್ಕೆ ಹಾಕಿದ ನಳಿಕೆ ಹಿಡಿದು ಒಳಗಿಳಿಯುತ್ತವೆ. ‘ಹೊಂಚು ಸೋಂಕು’ ಅಂತ ಬರೆದು ನೋಡಿದೆ. ಹೊಂಚು ಹಾಕಲು ಉದ್ದೇಶ ಬೇಕಲ್ಲ, ಇವಕ್ಕೆಲ್ಲಿಯದು? ‘ಸಂದು ಸೋಂಕು’ ಚೆನ್ನಾಗಿದೆ ಅಂದುಕೊಳ್ಳುವಷ್ಟರಲ್ಲಿ ‘ಸಂದುನೋವು’ ನೆನಪಾಯಿತು. ಓದಿದವರು ಮಂಡಿ ಹಿಡಿದುಕೊಂಡಾರು.

ಇನ್ನೊಂದು ‘ರಕ್ತನಂಜು’. ಇದನ್ನು ಬ್ಯಾಕ್ಟೀರಿಮಿಯಾಕ್ಕೂ ಬಳಸುತ್ತಾರೆ, ಸೆಪ್ಸಿಸ್‌ಗೂ ಬಳಸುತ್ತಾರೆ. ಮೊದಲನೆಯದು ರಕ್ತದಲ್ಲಿ ಬ್ಯಾಕ್ಟೀರಿಯಾ ಇರುವುದು, ಅಷ್ಟೇ. ಎರಡನೆಯದು, 2016ರ ವ್ಯಾಖ್ಯೆಯ ಪ್ರಕಾರ, ಸೋಂಕಿನ ಎದುರು ಮೈ ಹದ ತಪ್ಪಿ ತನ್ನ ಅಂಗಗಳನ್ನೇ ಕೆಡಿಸಿಕೊಳ್ಳುವುದು. ಆಂಟಿಬಯಾಟಿಕ್ ಶುರುಮಾಡುವ ಮುನ್ನ ಬ್ಲಡ್ ಕಲ್ಚರ್‌ಗೆ (ರಕ್ತದಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತದೆಯೇ ಎಂದು ನೋಡುವ ಪರೀಕ್ಷೆ) ರಕ್ತ ತೆಗೆಯುವುದು, ನಳಿಕೆ ಬದಲಿಸುವುದು, ಸ್ಟ್ಯಾಫಿಲೋಕಾಕಸ್ ಆರಿಯಸ್ ಎಂಬ ಬ್ಯಾಕ್ಟೀರಿಯಾ ಆಗಿದ್ದರೆ ಕಲ್ಚರ್‌ನಲ್ಲಿ ಅದು ಮೊದಲ ಸಲ ಕಾಣದೆ ಹೋದ ದಿನದಿಂದ ಎಣಿಸಿ ಕನಿಷ್ಠ 14 ದಿನ ಔಷಧಿ ಕೊಡುವುದು, ಇವೆಲ್ಲ ರಕ್ತದೊಳಗಿನ ಬ್ಯಾಕ್ಟೀರಿಯಾಕ್ಕೆ. ಬಿಪಿ ಬೀಳದಂತೆ ಔಷಧಿ ಹನಿಸುವುದು ಸೆಪ್ಸಿಸ್ ಕೈಮೀರಿದಾಗ. ಎರಡಕ್ಕೂ ‘ನಂಜು’ ಅಂದರೆ ‘ನಂಜು ಇಳಿದಿದೆ ಅಂದಿರಿ, ಮತ್ತೆ ಇಂಜೆಕ್ಷನ್ ಯಾಕೆ?’ ಅಂತ ಮನೆಯವರು ಕೇಳುವುದು ನ್ಯಾಯವೇ.

ಮೇಲಾಗಿ ನಂಜಿಗೆ ನಮ್ಮಲ್ಲಿ ಅಡುಗೆಮನೆಯ ಅರ್ಥವೂ ಇದೆ. ಕರಡನ್ನು ನಮ್ಮ ಅತ್ತೆಗೆ ಓದಿ ಹೇಳಿದೆ. ಪೂರ್ತಿ ಕೇಳಿ, “ಅಲ್ಲ ಕಣೋ, ಅಂಥವರಿಗೆ ಬದನೆಕಾಯಿ ಯಾಕೆ ಕೊಟ್ಟರು?” ಅಂದರು.

ಸದ್ಯಕ್ಕೆ ಬ್ಯಾಕ್ಟೀರಿಮಿಯಾಕ್ಕೆ ‘ರಕ್ತದ ಸೋಂಕು’ ಅಂತ ಬರೆದು, ಸೆಪ್ಸಿಸ್ ಅನ್ನು ಹಾಗೇ ಬಿಟ್ಟಿದ್ದೇನೆ. ‘ಬ್ಲಡ್ ಕಲ್ಚರ್’ ಮುಟ್ಟಿಲ್ಲ. ವಾರ್ಡಿನಲ್ಲಿ ಎಲ್ಲರ ಬಾಯಲ್ಲೂ ಅದೇ. ಕರಾವಳಿ, ಉತ್ತರ ಕರ್ನಾಟಕದ ಕಡೆಯವರು ಹೇಳಿ: ಗಾಯ ಕೆಟ್ಟು ಜ್ವರ ಏರಿದಾಗ ನಿಮ್ಮಲ್ಲಿ ಏನನ್ನುತ್ತಾರೆ? ಬದನೆಕಾಯಿಯ ನೆನಪು ತರದ ಪದ ಇದ್ದರೆ ಇನ್ನೂ ಒಳ್ಳೆಯದು.