ಅನಾನಸ್ ಜಾಮ್ 105 ಡಿಗ್ರಿಗೇ ಇಳಿಸಿದರೂ ಅಂಟುಂಡೆ ಆಗ್ತಿದೆ (ಮಡಿಕೇರಿ)

ಮಂಜಿನೂರು:
ಅರ್ಧ ಕೆಜಿ ಹೆಚ್ಚಿದ ಅನಾನಸ್, ಅರ್ಧ ಕೆಜಿ ಸಕ್ಕರೆ, ಒಂದು ನಿಂಬೆಹಣ್ಣಿನ ರಸ. ಅಡುಗೆ ಥರ್ಮಾಮೀಟರ್ 105 ತೋರಿಸಿದ ಕೂಡಲೇ ಒಲೆ ಆರಿಸ್ತೀನಿ. ಬಿಸಿ ಇರೋವಾಗ ಚೆನ್ನಾಗೇ ಕಾಣುತ್ತೆ. ಬೆಳಿಗ್ಗೆ ನೋಡಿದ್ರೆ ಚಮಚ ಇಳಿಯಲ್ಲ, ಬಣ್ಣವೂ ಕಂದು. ಮಂಗಳೂರಲ್ಲಿರೋ ಅತ್ತಿಗೆ ಇದೇ ಅಳತೆಯಲ್ಲಿ ಮಾಡಿ ಇದೇ 105ಕ್ಕೆ ಇಳಿಸ್ತಾರೆ, ಅವರದ್ದು ಬ್ರೆಡ್ ಮೇಲೆ ಸಲೀಸಾಗಿ ಹರಡುತ್ತೆ. ಸಕ್ಕರೆ ಕಡಿಮೆ ಮಾಡ್ಲಾ?

ಒಲೆಮುಂದೆ:
ನಿಂಬೆ ಸಾಲದೇನೋ. ಹುಳಿ ಕಡಿಮೆ ಆದ್ರೆ ಸಕ್ಕರೆ ಮತ್ತೆ ಹರಳುಗಟ್ಟುತ್ತೆ.

ಮಂಜಿನೂರು:
ಹರಳು ಇಲ್ಲ ಅಕ್ಕ. ನಯವಾಗೇ ಇದೆ, ಚಿಕ್ಕಿ ಪಾಕದ ಥರ ಎಳೆ ಬರುತ್ತೆ.

ಪಾಕಶಾಲೆ:
ಹಾಗಾದ್ರೆ ನಿಂಬೆಯನ್ನೂ ಸಕ್ಕರೆಯನ್ನೂ ಮುಟ್ಟಬೇಡಿ. ನಿಮ್ಮ ಅತ್ತಿಗೆ ಇರೋದು ಸಮುದ್ರದ ಪಕ್ಕ, ನೀವಿರೋದು ಹೆಚ್ಚುಕಡಿಮೆ 1,150 ಮೀಟರ್ ಎತ್ತರದಲ್ಲಿ. ಅಲ್ಲಿ 100ಕ್ಕೆ ಕುದಿಯೋ ನೀರು ನಿಮ್ಮಲ್ಲಿ 96ರ ಆಸುಪಾಸಿಗೇ ಕುದಿಯುತ್ತೆ. ಪುಸ್ತಕದಲ್ಲಿ 105 ಅಂತ ಬರೆದಿರೋದು ಸಮುದ್ರಮಟ್ಟದ ಲೆಕ್ಕ. ಜಾಮ್‌ಗೆ ಬೇಕಾಗಿರೋದು ನೀರು ಕುದಿಯೋ ಬಿಸಿಗಿಂತ 4–5 ಡಿಗ್ರಿ ಹೆಚ್ಚು, ಅಷ್ಟೇ. ಆ ಹೊತ್ತಿಗೆ ಸಕ್ಕರೆ ಅಂಶ ಶೇ 65ರಿಂದ 68ಕ್ಕೆ ಬಂದಿರುತ್ತೆ. ನೀವು 9 ಡಿಗ್ರಿ ಏರಿಸ್ತಿದ್ದೀರಿ, ಶೇ 75 ದಾಟಿ ಹೋಗಿರುತ್ತೆ. ಎಳೆ ಬರದೆ ಇನ್ನೇನು!

ಮೊದಲು ಬರೀ ನೀರು ಕುದಿಸಿ, ಥರ್ಮಾಮೀಟರ್ ಎಷ್ಟು ತೋರಿಸುತ್ತೋ ಅದಕ್ಕೆ ನಾಲ್ಕೂವರೆ ಕೂಡಿಸಿ. ನಿಮಗೆ 100–101 ಬರಬೇಕು. ಬೆಂಗಳೂರಿನವರಿಗೆ 101–102.

ಆದ್ರೆ ಇಷ್ಟು ಕಡಿಮೆ ಮಾಡುವಾಗ ಥರ್ಮಾಮೀಟರ್‌ಗಿಂತ ತಕ್ಕಡಿಯನ್ನೇ ನಾನು ನಂಬೋದು. ಅರ್ಧ ಕೆಜಿ ಹಣ್ಣು ಪಾತ್ರೆಯ ತಳದಲ್ಲಿ ಎರಡು ಬೆರಳು ಎತ್ತರವೂ ಬರಲ್ಲ. ಕಡ್ಡಿಯ ತುದಿ ಪೂರ್ತಿ ಮುಳುಗಲ್ಲ, ಇಲ್ಲಾ ತಳ ಮುಟ್ಟಿ ಸುಳ್ಳು ಹೇಳುತ್ತೆ. ಖಾಲಿ ಪಾತ್ರೆಯ ತೂಕ ಬರೆದಿಟ್ಕೊಳ್ಳಿ. ನೀವು ಹಾಕಿದ ಸಕ್ಕರೆ 500 ಗ್ರಾಂ, ಹಣ್ಣಿನದ್ದೇ ಸುಮಾರು 60. ಒಟ್ಟು 560 ಗ್ರಾಂ ಶೇ 66 ಆಗಬೇಕಾದ್ರೆ ಜಾಮ್ 850 ಗ್ರಾಂ ಹತ್ತಿರ ಉಳೀಬೇಕು. ಮಂಗಳೂರಾದರೂ ಮಡಿಕೇರಿಯಾದರೂ ಈ ತೂಕ ಬದಲಾಗಲ್ಲ.

ಮಂಜಿನೂರು:
ನೀರು ಕುದಿಸಿದೆ, 96ಕ್ಕೆ ನಿಂತೇಬಿಡ್ತು! ಹೋದ ಸಲದ ಜಾಮ್ ಇನ್ನೂ ತಿಂದಿಲ್ಲ. ತೂಗಿದ್ರೆ 720 ಗ್ರಾಂ. ಉಳಿಸ್ಕೋಬಹುದಾ?

ಪಾಕಶಾಲೆ:
ಧಾರಾಳವಾಗಿ. 130 ಗ್ರಾಂ ಕುದಿಯೋ ನೀರು ಸ್ವಲ್ಪಸ್ವಲ್ಪವೇ ಹಾಕ್ತಾ ಸಣ್ಣ ಉರಿಯಲ್ಲಿ ಕದಡಿ. ಒಂದು ಕುದಿ ಬಂದ ಕೂಡಲೇ ಇಳಿಸಿ, ಕುದಿಸ್ತಾ ಕೂತ್ರೆ ಮತ್ತೆ ಅದೇ ಕಥೆ. ಕಂದು ಬಣ್ಣ ಹೋಗಲ್ಲ. ಫ್ರಿಜ್‌ನಲ್ಲಿಟ್ಟು ಬೇಗ ಮುಗಿಸಿ.

ಒಲೆಮುಂದೆ:
ಸರಿಯಾದ ತೂಕಕ್ಕೆ ಇಳಿಸಿದ್ರೆ ಅನಾನಸ್ ನೀರಾಗಲ್ವಾ? ಅದರಲ್ಲಿ ಪೆಕ್ಟಿನ್ (ಜಾಮ್ ಗಟ್ಟಿಯಾಗಿಸೋ ಹಣ್ಣಿನ ಅಂಶ) ಕಡಿಮೆ.

ಪಾಕಶಾಲೆ:
ಒಳ್ಳೇ ಪ್ರಶ್ನೆ. ಸ್ವಲ್ಪ ಸಡಿಲವೇ ಇರುತ್ತೆ. ನಾನು 100 ಗ್ರಾಂ ಅನಾನಸ್ ತೆಗೆದು, ಬದಲಿಗೆ ದೋರೆಗಾಯಿ ಸೀಬೆ ಬೇಯಿಸಿ, ಬೀಜ ಹೋಗೋ ಹಾಗೆ ಜರಡಿ ಹಿಡಿದು ಸೇರಿಸ್ತೀನಿ. ಪೂರ್ತಿ ಹಣ್ಣಾದ ಸೀಬೆ ಬೇಡ, ಅದರ ಪೆಕ್ಟಿನ್ ಆಗಲೇ ಇಳಿದಿರುತ್ತೆ.