ಸಹಾಯ ಬೇಕು: ಎ ಲೆವೆಲ್‌ನಲ್ಲಿ ಕಲೆ ಓದಿದ ಮಕ್ಕಳ ತಂದೆತಾಯಿ ಯಾರಾದರೂ ಇದ್ದೀರಾ?

ಎಲ್ಲರಿಗೂ ನಮಸ್ಕಾರ. ನಾವು ಇಂಗ್ಲೆಂಡಿನ ಲೆಸ್ಟರ್‌ನಲ್ಲಿದ್ದೇವೆ. ಮಗಳು ಸೆಪ್ಟೆಂಬರ್‌ನಲ್ಲಿ ಎ ಲೆವೆಲ್‌ಗೆ, ಅಂದರೆ ನಮ್ಮ ಪಿಯುಸಿಯಂಥ ಓದಿಗೆ, ಸಿಕ್ಸ್ತ್ ಫಾರ್ಮ್ ಕಾಲೇಜು ಸೇರುತ್ತಾಳೆ. ಗಣಿತ, ಭೌತಶಾಸ್ತ್ರದ ಜೊತೆಗೆ ಆರ್ಟ್ ಅಂಡ್ ಡಿಸೈನ್ ಬೇಕೇ ಬೇಕೆಂದು ಹಟ. ಮುಂದೆ ಆರ್ಕಿಟೆಕ್ಚರ್ ಓದುವ ಆಸೆ. "ಚಿತ್ರ ಬಿಡಿಸಿದರೆ ಹೊಟ್ಟೆ ತುಂಬುತ್ತದೆಯೇ?" ಎಂದು ಊರಿನಿಂದ ಮಾವನವರು ಪ್ರತಿ ಭಾನುವಾರ ಫೋನಿನಲ್ಲಿ ಕೇಳುತ್ತಾರೆ. ಅವರಿಗೆ ಉತ್ತರ ನಾನು ಹೇಳಿಕೊಳ್ಳುತ್ತೇನೆ, ಅದು ಬೇಡ.

ನನ್ನ ಚಿಂತೆ ಸಮಯದ್ದು. ಆರ್ಟ್‌ನಲ್ಲಿ ಶೇ. 60 ಅಂಕ ತಾವೇ ಆರಿಸಿಕೊಂಡ ವಿಷಯದ ವೈಯಕ್ತಿಕ ಅಧ್ಯಯನಕ್ಕೆ, ಶೇ. 40 ಪರೀಕ್ಷಾ ಮಂಡಳಿ ಕೊಡುವ ವಿಷಯಕ್ಕೆ. ಅದರ ಕೊನೆಗೆ 15 ಗಂಟೆ ಮೇಲ್ವಿಚಾರಣೆಯಲ್ಲಿ ಕುಳಿತು ಕೆಲಸ ಮಾಡಬೇಕು. ಚಿತ್ರದ ಜೊತೆಗೆ ಬರವಣಿಗೆಯೂ ಇದೆ. ಈಗಲೇ ಅಜ್ಜಿಯ ಕೈಗಳನ್ನು ಇದ್ದಿಲಿನಲ್ಲಿ ಬರೆದು, ಒರೆಸಿ, ಮತ್ತೆ ಬರೆದು ಊಟದ ಮೇಜೆಲ್ಲ ಕಪ್ಪು. ಮೊನ್ನೆ ಚಪಾತಿಗೂ ಮಸಿ ಹತ್ತಿತ್ತು. ಆದರೆ ಆ ಊದಿದ ಗೆಣ್ಣುಗಳು ಥೇಟ್ ನಮ್ಮಮ್ಮನವೇ!

ಗಣಿತದ ಜೊತೆ ಇದನ್ನು ನಿಭಾಯಿಸಿದ ಮಕ್ಕಳು ವಾರಕ್ಕೆ ಎಷ್ಟು ಹೊತ್ತು ಕೊಟ್ಟರು? ಆರ್ಕಿಟೆಕ್ಚರ್ ಪೋರ್ಟ್‌ಫೋಲಿಯೊಗೆ ಫೈನ್ ಆರ್ಟ್ ವಾಸಿಯೋ, ತ್ರೀ ಡಿ ಡಿಸೈನೋ? ಹಳೆಯ ಸ್ಕೆಚ್‌ಬುಕ್ ಉಳಿಸಿಕೊಂಡಿದ್ದರೆ ಒಂದೆರಡು ಪುಟದ ಫೋಟೊ ಕಳುಹಿಸುತ್ತೀರಾ? ಅಂದವಾದ ಪುಟಗಳೇ ಬೇಕೆಂದಿಲ್ಲ, ಕೆಟ್ಟು ಮತ್ತೆ ತಿದ್ದಿದವಾದರೆ ಇನ್ನೂ ಒಳ್ಳೆಯದು.